ಕ್ಯೂಬಾದ ಲಯಕ್ಕೆ ತಕಿಟ ತಕಧಿಮಿ

ಚಿಂತಾಮಣಿಯ ನಮ್ಮ ಮನೆಯಲ್ಲಿ ಈಗ ಸಂಜೆಯಾದರೆ ಎರಡು ಮರದ ಕಡ್ಡಿಗಳ ಸದ್ದು. ತಂಗಿಯ ಮಗಳು ಕಾಂಗಾ ಎಂಬ ಚರ್ಮವಾದ್ಯ ಕಲಿಯಲು ಹೊರಟಿದ್ದಾಳೆ. ಆ ವಾದ್ಯಕ್ಕೆ ಕೈ ಹಚ್ಚುವ ಮೊದಲು ಕ್ಲಾವೆ ಒಲಿಯಬೇಕು. ಗಟ್ಟಿ ಮರದ ಈ ಜೋಡಿ ಕಡ್ಡಿಗಳಿಗೂ ಅವು ನುಡಿಸುವ ಐದು ಪೆಟ್ಟಿನ ಲಯಕ್ಕೂ ಅದೇ ಹೆಸರು. ಕ್ಯೂಬಾದ ಸೋನ್ ಸಂಗೀತದಲ್ಲಿ ಕಾಂಗಾ, ಬಾಂಗೋ, ಮರಾಕಾ ಎಲ್ಲವೂ ಈ ಐದು ಪೆಟ್ಟುಗಳಿಗೆ ಹೊಂದಿಕೊಂಡೇ ನಡೆಯುತ್ತವೆ.

ಒಂದು ಆವರ್ತಕ್ಕೆ 16 ಮಾತ್ರೆ. ಪೆಟ್ಟು ಬೀಳುವುದು 1, 4, 7, 11, 13ರಲ್ಲಿ. ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬಾರಿಸಿದ ಹುಡುಗಿ ಮೂರು ದಿನ ಎಡವಿದಳು. ಎಡವುವುದು ಸಹಜ. ಕಾಲು 1, 5, 9, 13ರಲ್ಲಿ ಹೆಜ್ಜೆ ಹಾಕುತ್ತಿದ್ದರೆ ಕೈ ಅದರೊಂದಿಗೆ ಸೇರುವುದು ಮೊದಲ ಮತ್ತು ಕೊನೆಯ ಪೆಟ್ಟಿನಲ್ಲಿ ಮಾತ್ರ. ಎರಡನೆಯ ಪೆಟ್ಟು ಹೆಜ್ಜೆಗಿಂತ ಒಂದು ಮಾತ್ರೆ ಮುಂಚೆ ಬಂದುಬಿಡುತ್ತದೆ. ಅದರ ನಂತರದ ಎರಡು ಪೆಟ್ಟುಗಳೂ ಹೆಜ್ಜೆಗಳ ನಟ್ಟನಡುವೆ.

ಪೆಟ್ಟುಗಳ ನಡುವಿನ ಅಂತರವನ್ನು ಕಾಗದದಲ್ಲಿ ಬರೆದೆ: 3, 3, 4, 2, 4. ಮೃದಂಗದ ಜತಿ ಕೇಳಿ ಬೆಳೆದ ನನ್ನ ನಾಲಿಗೆ ತಾನಾಗಿ ಹೊರಳಿತು: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಪೆಟ್ಟು, ಉಳಿದವು ಬಾಯಲ್ಲಿ. ಇಡೀ ಲೆಕ್ಕ ಆದಿತಾಳದ ಎಂಟು ಎಣಿಕೆಯೊಳಗೆ, ಎಣಿಕೆಗೆರಡು ಅಕ್ಷರದಂತೆ, ಸರಿಯಾಗಿ ಕೂರುತ್ತದೆ.

ಇದು ಫಲಿಸಲು ಕಾರಣವಿದೆ. ಹದಿನಾರು ಬಿಡಿ ಮಾತ್ರೆಗಳನ್ನು ಎಣಿಸುವುದಕ್ಕಿಂತ ಐದು ಗುಂಪುಗಳನ್ನು ಹಿಡಿದಿಡುವುದು ಮಿದುಳಿಗೆ ಹಗುರ. ಪೆಟ್ಟಿಲ್ಲದ ಜಾಗವನ್ನೂ ಅಕ್ಷರ ತುಂಬುವುದರಿಂದ ಕಾಲದ ಅಳತೆ ತಪ್ಪುವುದಿಲ್ಲ. ಅಲುಗಾಡದೆ ಲಯವನ್ನು ಕೇಳುತ್ತಿದ್ದಾಗಲೂ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಗಳು ಚುರುಕಾಗುತ್ತವೆ.

ಕ್ಲಾವೆಯ ಮೊದಲರ್ಧವನ್ನಷ್ಟೇ, ಅಂದರೆ ಎಂಟು ಮಾತ್ರೆಗಳನ್ನಷ್ಟೇ, ತೆಗೆದುಕೊಂಡರೆ ಅಂತರ 3, 3, 2. ಎಂಟು ಮಾತ್ರೆಗಳಲ್ಲಿ ಮೂರು ಪೆಟ್ಟುಗಳನ್ನು ಆದಷ್ಟು ಸಮನಾಗಿ ಹಂಚಿದರೆ ಬರುವುದು ಇದೇ. ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯಲು ಯೂಕ್ಲಿಡ್ ಕೊಟ್ಟ ವಿಧಾನದಿಂದಲೇ ಇಂಥ ಲಯಗಳು ಹುಟ್ಟುತ್ತವೆ ಎಂದು ಗಣಕ ವಿಜ್ಞಾನಿ ಗಾಡ್‌ಫ್ರೀಡ್ ಟೂಸೆಂಟ್ 2005ರಲ್ಲಿ ತೋರಿಸಿದರು. ಶಾಲೆಯ ಗಣಿತ ಕುಣಿತಕ್ಕೆ ಒದಗುವುದನ್ನು ಕಂಡಾಗಲೆಲ್ಲ ನನಗೆ ಹಿಗ್ಗು.

ಚರ್ಮವಾದ್ಯ ನಮ್ಮ ಹುಡುಗಿಗೆ ಹೊಸತಲ್ಲ. ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ ಇದು. ತಮಟೆಯಂತೆಯೇ ಹಳೆಯ ಕಾಂಗಾಗಳನ್ನೂ ಬೆಂಕಿಗೆ ಹಿಡಿದು ಹದ ಮಾಡುತ್ತಿದ್ದರು: ತೇವ ಆರಿ ಚರ್ಮ ಬಿಗಿದಂತೆ ಶ್ರುತಿ ಏರುತ್ತದೆ.

ನಾಲ್ಕನೆಯ ದಿನ ಅವಳ ಪೆಟ್ಟು ತಪ್ಪಲಿಲ್ಲ. ಈಗ ಅದೇ ಲಯವನ್ನು ಒಂಬತ್ತನೆಯ ಮಾತ್ರೆಯಿಂದ ಎತ್ತಿಕೊಳ್ಳುವ ಅಭ್ಯಾಸ ನಡೆದಿದೆ. ಎರಡು ಮಾತ್ರೆ ಮೌನವಾಗಿ ಕಳೆದು, ಆಮೇಲೆ ತಕ, ತಕಧಿಮಿ, ತಕಿಟ, ತಕಿಟ, ತಕ.