ಗಾಲ್ಫ್ ಚೆಂಡಿಗೆ ಗುಳಿ ಉಂಟು, ಕಾರಿಗೆ ಯಾಕಿಲ್ಲ?

ಪ್ರಶ್ನೆ: ಗಾಲ್ಫ್ ಚೆಂಡಿನ ಮೇಲಿನ ಗುಳಿಗಳಿಂದ ಗಾಳಿಯ ತಡೆ ಕಡಿಮೆಯಾಗುತ್ತದಂತೆ. ಹಾಗಿದ್ದರೆ ಕಾರಿನ ಮೈಗೂ ಗುಳಿ ಹೊಡೆದರೆ ಪೆಟ್ರೋಲ್ ಉಳಿಯುತ್ತದೆ, ಅಲ್ವಾ?

ಉತ್ತರ: ಚೆಂಡಿನ ಮಟ್ಟಿಗೆ ನಿಮ್ಮ ಮಾತು ನಿಜ. ಅದೇ ಹೊಡೆತಕ್ಕೆ ನುಣುಪು ಚೆಂಡು ಹೋಗುವುದು ಹೆಚ್ಚುಕಡಿಮೆ ಅರ್ಧ ದೂರ ಮಾತ್ರ. ಇದನ್ನು ಮೊದಲು ಗಮನಿಸಿದವರು ಆಟಗಾರರೇ. 1848ರ ಸುಮಾರಿಗೆ ಸ್ಕಾಟ್ಲೆಂಡಿನಲ್ಲಿ ಗಟ್ಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಂತು. ಹೊಸದಾಗಿ ನುಣ್ಣಗಿದ್ದಾಗ ಅದು ನೆಟ್ಟಗೆ ಹಾರುತ್ತಿರಲಿಲ್ಲ. ಏಟು ತಿಂದು ಮೈಯೆಲ್ಲ ಗೀರಾದ ಮೇಲೆ ಚೆನ್ನಾಗಿ ಹಾರುತ್ತಿತ್ತು. ಕೊನೆಗೆ ಹೊಸ ಚೆಂಡನ್ನೇ ಸುತ್ತಿಗೆಯಿಂದ ಕುಟ್ಟತೊಡಗಿದರು! ಇವತ್ತಿನ ಗುಳಿಗಳ ಮೂಲ ಇಂಗ್ಲೆಂಡಿನ ವಿಲಿಯಂ ಟೇಲರ್ ಅವರ 1905ರ ಪೇಟೆಂಟ್.

ಗುಟ್ಟಿರುವುದು ಚೆಂಡಿನ ಬೆನ್ನ ಹಿಂದೆ. ಹೊಳೆಯಲ್ಲಿ ಸೇತುವೆಯ ಕಂಬ ನೋಡಿರುತ್ತೀರಿ. ನೀರು ಎರಡೂ ಬದಿಗೆ ಸರಿದು ಹೋಗುತ್ತದೆ, ಕಂಬದ ಹಿಂದೆ ಸುಳಿ ಸುತ್ತುತ್ತಿರುತ್ತದೆ. ಹಾರುವ ಚೆಂಡಿನ ಹಿಂದೆಯೂ ಗಾಳಿಯ ಅಂಥದೇ ಬಾಲ. ಅಲ್ಲಿ ಒತ್ತಡ ಕಡಿಮೆ, ಮುಂದೆ ಜಾಸ್ತಿ. ಹಾಗಾಗಿ ಚೆಂಡನ್ನು ಯಾರೋ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಬಾಲ ದಪ್ಪವಾದಷ್ಟೂ ಜಗ್ಗಾಟ ಜಾಸ್ತಿ.

ನುಣುಪು ಮೈಗೆ ಅಂಟಿಕೊಂಡು ಸಾಗುವ ಗಾಳಿಯ ತೆಳುಪದರಕ್ಕೆ ಕಸುವು ಸಾಲದು. ಚೆಂಡಿನ ನಡು ತಲುಪುವಷ್ಟರಲ್ಲೇ ಸುಸ್ತಾಗಿ ಮೈ ಬಿಟ್ಟುಬಿಡುತ್ತದೆ. ಗುಳಿಗಳು ಈ ಪದರವನ್ನು ಕದಡುತ್ತವೆ. ಆಗ ಹೊರಗಿನ ವೇಗದ ಗಾಳಿ ಒಳಗೆ ಬೆರೆತು ಪದರಕ್ಕೆ ಬಲ ಬರುತ್ತದೆ, ಅದು ಬೆನ್ನಿನ ಕಡೆಗೂ ಒಂದಷ್ಟು ದೂರ ಅಂಟಿಕೊಂಡೇ ಹೋಗುತ್ತದೆ. ಬಾಲ ತೆಳ್ಳಗಾಗುತ್ತದೆ. ಮೈಯ ಉಜ್ಜಾಟ ತುಸು ಹೆಚ್ಚುತ್ತದೆ, ನಿಜ. ಆದರೂ ಒಟ್ಟು ತಡೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಮಾಡುವ ಗುಳಿಯ ಆಳವೋ, ಮಿಲಿಮೀಟರಿನ ಕಾಲು ಭಾಗದ ಆಸುಪಾಸು!

ಗುಳಿಯೇ ಆಗಬೇಕೆಂದೇನಿಲ್ಲ. 1914ರಲ್ಲಿ ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ನುಣುಪು ಗೋಳವೊಂದಕ್ಕೆ ತೆಳು ತಂತಿಯ ಬಳೆ ತೊಡಿಸಿದರು. ಅಷ್ಟಕ್ಕೇ ತಡೆ ಇಳಿಯಿತು. ಕ್ರಿಕೆಟ್ ಚೆಂಡಿನ ಹೊಲಿಗೆಯೂ ಪದರವನ್ನು ಕದಡುತ್ತದೆ, ಆದರೆ ಒಂದೇ ಬದಿಯಲ್ಲಿ. ಹೊಸ ಚೆಂಡು ಸ್ವಿಂಗ್ ಆಗುವುದು ಹಾಗೆ.

ಈಗ ಕಾರಿಗೆ ಬರೋಣ. ಗಾಲ್ಫ್ ಚೆಂಡಿನ ಅಡ್ಡಳತೆ 4.3 ಸೆಂ.ಮೀ. ಅಷ್ಟು ಚಿಕ್ಕ ಮೈಮೇಲೆ ಗಾಳಿ ತಾನಾಗಿ ಕದಡುವುದಿಲ್ಲ. ಕಾರಾದರೆ ಸುಮಾರು 4 ಮೀಟರ್ ಉದ್ದ. ಹೆದ್ದಾರಿಯ ವೇಗದಲ್ಲಿ ಅದರ ಮೈಯ ಬಹುಪಾಲು ಪದರ ಆಗಲೇ ಕದಡಿರುತ್ತದೆ. ಕದಡಿದ್ದನ್ನೇ ಮತ್ತೆ ಕದಡಿ ಏನು ಮಾಡೋಣ? ಮೇಲಾಗಿ ಕಾರಿನ ಹಿಂಭಾಗ ಕತ್ತರಿಸಿದಂತೆ ಮುಗಿಯುತ್ತದೆ. ಗಾಳಿ ಮೈ ಬಿಡುವ ಜಾಗ ಆ ಅಂಚಿನಲ್ಲೇ ಗೊತ್ತಾಗಿಬಿಟ್ಟಿರುತ್ತದೆ. ಡೆಂಟ್‌ನಿಂದ ಮೈಲೇಜ್ ಬರುವಂತಿದ್ದರೆ ನನ್ನ ಹಳೇ ಕಾರು ಯಾವತ್ತೋ ದಾಖಲೆ ಮಾಡುತ್ತಿತ್ತು!

ವಿಮಾನಗಳಿಗೆ ಶಾರ್ಕ್ ಚರ್ಮದಂತೆ ಸಣ್ಣ ಗೀರುಗಳಿರುವ ಹಾಳೆ ಅಂಟಿಸುವುದುಂಟು. ಅದು ಬೇರೆಯೇ ಉಪಾಯ. ಗಾಳಿ ಹರಿಯುವ ದಿಕ್ಕಿಗೇ ಇರುವ ಆ ಗೀರುಗಳು ಉಜ್ಜಾಟವನ್ನು ತಗ್ಗಿಸುತ್ತವೆ. ಉಳಿಯುವ ಇಂಧನ ಶೇ 1ರ ಸುಮಾರು.

ಪೆಟ್ರೋಲ್ ಉಳಿಸಲೇಬೇಕು ಅಂತಿದ್ದರೆ, ನಿಮ್ಮ ಕಾರಿನ ಮೇಲೆ ಗಾಳಿಗೆ ಅಡ್ಡವಾಗಿ ಸುಮ್ನೆ ಖಾಲಿ ಕ್ಯಾರಿಯರ್ ಇದ್ದರೆ ಮೊದಲು ಅದನ್ನು ಬಿಚ್ಚಿಡಿ.