ಶೀಟ್ ನಂಬರ್ ಎಷ್ಟು?

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂದರೆ ಎತ್ತುವ ಮೊದಲೇ ನನಗೆ ವಿಷಯ ಗೊತ್ತಿರುತ್ತದೆ. ಯಾರದೋ ಬಿಲ್ಡಿಂಗಿನ ಮೇಲೆ ರೋಡ್ ಬಂದಿದೆ. "ಸರ್, ವಾಟ್ಸಾಪ್ ನೋಡಿ, ಫೋಟೋ ಹಾಕಿದ್ದೇನೆ" ಅನ್ನುತ್ತಾರೆ. ನೋಡಿದರೆ ನಕ್ಷೆಯ ಒಂದು ತುಂಡು. ಗೋಡೆಗೆ ಅಂಟಿಸಿದ್ದನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದಾರೆ, ಅದು ಹತ್ತು ಗ್ರೂಪು ಸುತ್ತಿ ಮಸುಕಾಗಿದೆ. ನಡುವೆ ಒಂದು ಕೆಂಪು ಸುತ್ತು. ನಾನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಶೀಟ್ ನಂಬರ್ ಎಷ್ಟು?" ಆ ಕಡೆಯಿಂದ ಸದ್ದಿಲ್ಲ.

ನಾನು ಟೌನ್ ಪ್ಲಾನರ್. ಮನೆ ಮುಂಬೈಯ ಘಾಟ್‌ಕೋಪರ್‌ನಲ್ಲಿ. ವಾರವೆಲ್ಲ ಸಂಬಳದ ಕೆಲಸ. ಭಾನುವಾರ ನಮ್ಮ ಕನ್ನಡದವರ ಸೊಸೈಟಿ, ಚಾಳು (ವಠಾರ), ಸಂಘಗಳ ಕೆಲಸ, ಅದು ಪುಕ್ಕಟೆ. ಈ ಪುಕ್ಕಟೆ ಕೆಲಸದಲ್ಲೇ ನಾನು ಜಾಸ್ತಿ ಕಲಿತದ್ದು.

ಆ ಫೋಟೋದಲ್ಲಿರುವುದು 'ಡಿಪಿ'ಯ, ಅಂದರೆ ಡೆವಲಪ್‌ಮೆಂಟ್ ಪ್ಲಾನಿನ ನಕ್ಷೆ. ಮೊದಲು ಅದು ಏನು ಅಂತ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ 1966ರ ಟೌನ್ ಪ್ಲಾನಿಂಗ್ ಕಾಯ್ದೆಯ ಪ್ರಕಾರ ಪ್ರತಿ ಪಾಲಿಕೆಯೂ ಊರಿಗೊಂದು ಅಭಿವೃದ್ಧಿ ಯೋಜನೆ ಮಾಡಬೇಕು. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಆಟದ ಮೈದಾನ, ಯಾವ ಗಲ್ಲಿ ಎಷ್ಟು ಅಗಲ ಅಂತ ಅದರ ನಕ್ಷೆಯಲ್ಲಿ ಬರೆದಿರುತ್ತದೆ. ಇಡೀ ಊರು ಒಂದೇ ಹಾಳೆಯಲ್ಲಿ ಹಿಡಿಸುವುದಿಲ್ಲ, ಅದಕ್ಕೇ ನಕ್ಷೆಯನ್ನು ನಂಬರ್ ಹಾಕಿದ ಶೀಟುಗಳಾಗಿ ಮಾಡಿರುತ್ತಾರೆ. ಮುಂಬೈಯಲ್ಲಿ ಈಗ ನಡೆಯುತ್ತಿರುವುದು ಮೂರನೇ ಡಿಪಿ. 2018ರಲ್ಲಿ ಜಾರಿಗೆ ಬಂತು, 2034ರವರೆಗೆ ಇರುತ್ತದೆ. ಕರಡು ಹೊರಬಿದ್ದಾಗ ಜನರಿಂದ 'ಹರಕತಿ ವ ಸೂಚನಾ' ಕರೆಯುತ್ತಾರೆ. ಅಂದರೆ ನಮ್ಮ ಆಕ್ಷೇಪಣೆ, ಸಲಹೆ. ಮುಂಬೈಯಲ್ಲಿ 2015ರಲ್ಲೂ 2016ರಲ್ಲೂ ಇದಕ್ಕೆ 60 ದಿನ ಕೊಟ್ಟಿದ್ದರು.

ಅದೇನು ಎರಡು ಸಲ ಅಂತೀರಾ? 2015ರ ಫೆಬ್ರವರಿಯಲ್ಲಿ ಬಂದ ಕರಡು ಊರನ್ನೇ ಕೆರಳಿಸಿತ್ತು. ಪಾರಂಪರಿಕ ಕಟ್ಟಡಗಳು ನಕ್ಷೆಯಿಂದ ಬಿಟ್ಟುಹೋಗಿದ್ದವು. ಇದ್ದ ಕಟ್ಟಡಗಳ ಮೇಲೆಯೇ ರಸ್ತೆ ಎಳೆದಿದ್ದರು. ಆರೆ ಕಾಲೋನಿಯ ಹಸಿರನ್ನು ಕಟ್ಟಡಗಳಿಗೆ ತೆರೆಯುವ ಮಾತಿತ್ತು, ಕೆಲವು ಸ್ಟೇಶನ್‌ಗಳ ಹತ್ತಿರ ಎಫ್‌ಎಸ್‌ಐ 8ರವರೆಗೆ, ಅಂದರೆ ಪ್ಲಾಟಿನ ಅಳತೆಯ ಎಂಟು ಪಟ್ಟು ಕಟ್ಟಬಹುದು ಅಂತ. ಆಕ್ಷೇಪಣೆಗಳು 60 ಸಾವಿರ ದಾಟಿದವು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಕರಡನ್ನೇ ತಳ್ಳಿಹಾಕಿ, ತಿದ್ದಿ ತನ್ನಿ ಅಂದರು. ತಿದ್ದಿದ್ದು 2016ರ ಮೇ ತಿಂಗಳಲ್ಲಿ ಬಂತು.

ಇದನ್ನು ಹೇಳಿದ ಕೂಡಲೇ ಜನ ಹುರುಪಾಗುತ್ತಾರೆ. "ಹಾಗಾದರೆ ನಾವೂ ಸಾವಿರ ಪತ್ರ ಹಾಕೋಣ!" ಇಲ್ಲಿಯೇ ನಾನು ಎಡವಿದ್ದು.

ಮುಂಬೈ ಹೊರವಲಯದ ಒಂದು ಪಾಲಿಕೆ, ಹೆಸರು ಬೇಡ. ಅಲ್ಲಿ ನಮ್ಮವರ ಒಂದು ಕಾಲೋನಿಯ ಮಧ್ಯೆ ರಸ್ತೆ ಬಂದಿತ್ತು. ಒಂದು ಪತ್ರ ಬರೆದುಕೊಟ್ಟೆ, ಮುನ್ನೂರು ಜೆರಾಕ್ಸ್ ಆಯಿತು, ಮುನ್ನೂರು ಸಹಿ ಬಿತ್ತು. ಆಗ ನನಗೂ ಅದೇ ದೊಡ್ಡ ಶಕ್ತಿ ಅನಿಸಿತ್ತು. ಸುನಾವಣಿಯ, ಅಂದರೆ ವಿಚಾರಣೆಯ ದಿನ ಸಮಿತಿಯವರು ಕಟ್ಟು ಬಿಚ್ಚಿದರು, ಮೇಲಿನ ನಾಲ್ಕೈದು ತಿರುವಿದರು. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಪಕ್ಕಕ್ಕೆ ಸರಿಸಿದರು. "ನಿಮಗೆ ಏನು ಬೇಕು?" ಅಂತ ಕೇಳಿದರು. ನಮ್ಮ ಮುಖಂಡರು ಎದ್ದು ನಿಂತು "ನ್ಯಾಯ ಬೇಕು" ಅಂದರು. "ಅದು ಸರಿ. ಯಾವ ಶೀಟಿನಲ್ಲಿ ಯಾವ ಗೆರೆ ಎತ್ತಿ ಎಲ್ಲಿ ಹಾಕಬೇಕು?" ನಮ್ಮ ಪತ್ರದಲ್ಲಿ ಅದಿರಲಿಲ್ಲ. ಜನರ ಕಷ್ಟ, ಹಿರಿಯರು, ಮಕ್ಕಳು, ದೇವಸ್ಥಾನ ಎಲ್ಲ ಇತ್ತು. ಶೀಟ್ ನಂಬರ್ ಒಂದಿರಲಿಲ್ಲ. ನಾಲ್ಕು ನಿಮಿಷಕ್ಕೆ ಮುಗಿಯಿತು. ಬರೆದವನು ನಾನೇ ಆದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ.

ಸಮಿತಿ ಅಂದೆನಲ್ಲ, ಅದರಲ್ಲಿ ಪಾಲಿಕೆಯ ಸ್ಥಾಯಿ ಸಮಿತಿಯ ಮೂವರು ಮತ್ತು ಕೆಲವು ತಜ್ಞರು ಇರುತ್ತಾರೆ. ಆಕ್ಷೇಪಣೆ ಹಾಕಿದವರ ಮಾತು ಕೇಳಲೇಬೇಕು ಅಂತ ಕಾಯ್ದೆಯಲ್ಲಿದೆ. ಒಪ್ಪಲೇಬೇಕು ಅಂತ ಇಲ್ಲ. ಸಾವಿರಾರು ಜನರನ್ನು ಕೇಳಬೇಕಾದವರಿಗೆ ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಅಷ್ಟರೊಳಗೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದವನ ಕೆಲಸ ಆಗುತ್ತದೆ. ಈಗ ನಾನು ಬರೆಸುವ ಪತ್ರ ಒಂದೂವರೆ ಪುಟ ಮೀರುವುದಿಲ್ಲ. ಮೇಲೆ ಶೀಟ್ ನಂಬರ್. ಆಮೇಲೆ ಉಪನಗರವಾದರೆ ಸಿಟಿಎಸ್ ನಂಬರ್, ದಕ್ಷಿಣದ ಹಳೇ ಮುಂಬೈಯಾದರೆ ಸಿಎಸ್ ನಂಬರ್. ಎರಡೂ ಜಾಗದ ಸರ್ವೆ ನಂಬರೇ, ಪ್ರಾಪರ್ಟಿ ಕಾರ್ಡಿನಲ್ಲಿ ಸಿಗುತ್ತದೆ. ನಕ್ಷೆಯಲ್ಲಿ ಏನು ತೋರಿಸಿದ್ದಾರೆ, ನೆಲದ ಮೇಲೆ ಏನಿದೆ, ಏನು ಬದಲಾಗಬೇಕು, ಇಷ್ಟೇ. ಜೊತೆಗೆ ಫೋಟೋ. ಒಂದು ಪ್ರತಿಗೆ ಆವಕ್ ವಿಭಾಗದ, ಅಂದರೆ ಪತ್ರ ತೆಗೆದುಕೊಳ್ಳುವ ಕೌಂಟರಿನ, ನಂಬರ್ ಇರುವ ಶಿಕ್ಕಾ (ಮೊಹರು) ಹಾಕಿಸಿಕೊಳ್ಳದೆ ಯಾರೂ ಮನೆಗೆ ಬರಬಾರದು. ಆ ನಂಬರ್ ಇದ್ದರೆ ಮುಂದೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ "ಈ ನಂಬರಿನ ಆಕ್ಷೇಪಣೆಗೆ ಸಮಿತಿ ಏನು ಬರೆದಿದೆ?" ಅಂತ ಕೇಳಬಹುದು.

ಯಾರು ಹಾಕಬಹುದು ಅನ್ನುವುದರಲ್ಲಿ ನಮ್ಮವರಿಗೆ ಯಾವಾಗಲೂ ಅನುಮಾನ. ಪಗಡಿ ಮನೆಯವರು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಕಾಯಂ ಇರುವವರು, "ಜಾಗ ನಮ್ಮ ಹೆಸರಲ್ಲಿಲ್ಲವಲ್ಲ" ಅನ್ನುತ್ತಾರೆ. ಬಾಡಿಗೆಯವರು ಬಾಯಿಯೇ ಬಿಡುವುದಿಲ್ಲ. ಮಾಟುಂಗಾದ ಕಡೆ ಹೋಟೆಲ್ ನಡೆಸುವ ನಮ್ಮ ಹಿರಿಯರೊಬ್ಬರಂತೂ "ನಮಗೆಂತಕ್ಕೆ ಮಾರಾಯ್ರೆ ಇವರ ಊರಿನ ಉಸಾಬರಿ, ನಾಳೆ ಊರಿಗೆ ಹೋಗುವವರು ನಾವು" ಅಂತಾರೆ. ಅವರ ಈ 'ನಾಳೆ'ಗೆ ಈಗ ನಲವತ್ತೆರಡು ವರ್ಷ. ಕಾಯ್ದೆಯಲ್ಲಿ ಇರುವ ಮಾತು 'ಯಾವುದೇ ವ್ಯಕ್ತಿ' ಅಂತ. ಜಾಗದ ಮಾಲೀಕ ಅಂತಿಲ್ಲ, ಮತದಾರ ಅಂತಿಲ್ಲ. ಅವರ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನೂ ಬರೆಯಬಹುದು. ಲಿಖಿತವಾಗಿರಬೇಕು, ಗಡುವಿನೊಳಗೆ ಇರಬೇಕು, ಅಷ್ಟೆ.

ಮರಾಠಿಯ ಹೆದರಿಕೆ ಇನ್ನೊಂದು. ಮಾತಾಡಲು ಬರುತ್ತದೆ, ಬರೆಯಲು ಕೈ ಓಡುವುದಿಲ್ಲ. ನಾನು ಹೇಳುವುದು, ಮನೆಯಲ್ಲಿ ಏಳನೇ ಕ್ಲಾಸಿನ ಮಗು ಇದ್ದರೆ ಅದನ್ನು ಕೂರಿಸಿಕೊಳ್ಳಿ. ಶಾಲೆಯಲ್ಲಿ ಅರ್ಜಿ ಬರೆಯುವುದನ್ನು ಕಲಿತಿರುತ್ತದೆ, ನಮ್ಮ ನಿಮ್ಮ ಹಾಗೆ ಉದ್ದುದ್ದ ಬರೆಯುವುದೂ ಇಲ್ಲ.

ಇದೆಲ್ಲ ಸರಿ. ಆದರೆ ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ಕರಡು ಬಂದ ಮೇಲೆ ಓಡುವುದೇ ತಡ. ಕರಡಿಗೂ ಮೊದಲು ಇನ್ನೊಂದು ನಕ್ಷೆ ಆಗುತ್ತದೆ. ಈಗ ನೆಲದ ಮೇಲೆ ಏನೇನಿದೆ ಅನ್ನುವ ನಕ್ಷೆ. ಹಳದಿ ಅಂದರೆ ವಸತಿ, ನೀಲಿ ವ್ಯಾಪಾರ, ನೇರಳೆ ಕಾರ್ಖಾನೆ, ಹಸಿರು ಬಯಲು. ಸರ್ವೆಯವರು ಬಂದು ಗುರುತು ಮಾಡಿಕೊಂಡು ಹೋಗುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರಲ್ಲಿ ನಿಮ್ಮ ಚಾಳು ಖಾಲಿ ಜಾಗ ಅಂತ ಬಂತೋ, ಕರಡಿನಲ್ಲಿ ಅಲ್ಲಿ ಪಾರ್ಕಿಂಗ್ ಬಂದರೆ ಆಶ್ಚರ್ಯವೇನು? ಕರಡು ಬರೆಯುವವನು ನೋಡುವುದು ಗಲ್ಲಿಯನ್ನಲ್ಲ, ಆ ಬಣ್ಣವನ್ನು. ಮುಂಬೈಯಲ್ಲಿ ಈ ನಕ್ಷೆಯನ್ನೂ ಕರಡಿಗೆ ಮೊದಲೇ ಜನರ ಮುಂದಿಟ್ಟಿದ್ದರು, ನಾಗರಿಕ ಗುಂಪುಗಳು ಕೂತು ತಪ್ಪು ಹೆಕ್ಕಿದವು. ನಮ್ಮ ಸಂಘಗಳಿಂದ ಹೋದವರು ಬೆರಳೆಣಿಕೆ. ಆ ಹೊತ್ತಿಗೆ ವಾರ್ಷಿಕೋತ್ಸವದ ತಯಾರಿ ನಡೆದಿತ್ತು.

ನಮ್ಮ ಗಲ್ಲಿ ನಕ್ಷೆಗೆ ಯಾಕೆ ಕಾಣುವುದಿಲ್ಲ ಅಂದರೆ, ಲೆಕ್ಕ ಸುಲಭ. 1:4000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 4 ಮೀಟರ್. ದಪ್ಪ ಪೆನ್ಸಿಲ್ಲಿನ ಒಂದು ಗೆರೆಯಲ್ಲಿ ನಮ್ಮ ಚಾಳಿನ ಇಡೀ ಓಣಿ ಮುಳುಗಿಹೋಗುತ್ತದೆ.

ಅದೇ ಹೊರವಲಯದಲ್ಲಿ, ಆ ನಾಲ್ಕು ನಿಮಿಷದ ಅವಮಾನವಾಗಿ ಕೆಲವು ವರ್ಷದ ಮೇಲೆ, ಇನ್ನೊಂದು ಪ್ಲಾನ್ ಬಂತು. ಮಾರ್ಕೆಟ್ ಪಕ್ಕದ ಒಂದು ಪ್ಲಾಟು ಪ್ರಾಥಮಿಕ ಶಾಲೆಗೆ ಅಂತ ಮೀಸಲು. ಕಾಗದದ ಮೇಲೆ ಒಳ್ಳೆಯದೇ ಅಲ್ವಾ? ನಾವು ಮೂರು ಜನ ನಕ್ಷೆ ಹಿಡಿದು ಅಲ್ಲಿ ನಿಂತಿದ್ದೆವು. ಮೂಲೆಯಲ್ಲಿ ಹೂ ಮಾರುವ, ಕಲಬುರಗಿ ಕಡೆಯ ಹೆಂಗಸೊಬ್ಬರು ಮಾಲೆ ಕಟ್ಟುತ್ತಲೇ ಕೇಳಿದರು, "ಏನ್ ಹುಡುಕ್ತೀರಿ ಸಾಹೇಬ್ರ?" ಹೇಳಿದೆ. ನಕ್ಕರು. "ಇದರ ಕೆಳಗ ನಾಲಾ ಅದರೀ. ಮಳಿಗಾಲದಾಗ ಬರ್ರಿ, ಸದ್ದು ಕೇಳಸ್ತದ." ನಮ್ಮ ಕಾಲ ಕೆಳಗೆ ಇದ್ದದ್ದು ಕಾಂಕ್ರೀಟು ಸ್ಲ್ಯಾಬು. ನಕ್ಷೆಯಲ್ಲಿ ಅಲ್ಲಿ ಬರೀ ಬಿಳಿ ಜಾಗ. ಅವರು ಎದ್ದು ಬಂದು ಪಕ್ಕದ ಅಂಗಡಿಯ ಕಂಬ ತೋರಿಸಿದರು. 2005ರ ಜುಲೈ 26ರಂದು ನೀರು ಅಲ್ಲಿವರೆಗೆ ಬಂದಿತ್ತಂತೆ. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಅಂತ ನಾವು ಓದಿದ ಲೆಕ್ಕ. ಅವರ ಲೆಕ್ಕ ಕಂಬದ್ದು. ಎಣ್ಣೆ ಬಣ್ಣದ ಕೆಳಗೆ ಕೆಸರಿನ ಕಂದು ಗೆರೆ ಇನ್ನೂ ಇತ್ತು. ಟೇಪು ಹಿಡಿದೆವು, ಸ್ಲ್ಯಾಬಿನಿಂದ ಮೂರು ಅಡಿ ನಾಲ್ಕು ಇಂಚು. ಐದಾರು ವರ್ಷದ ಮಕ್ಕಳ ಎತ್ತರ ಎಷ್ಟಿರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಆ ಸಲ ಪತ್ರ ಒಂದೇ, ಸಹಿ ಹನ್ನೊಂದು. ಮೊದಲ ಸಹಿ ಹೂವಿನವರದ್ದು. ಟೇಪಿನ ಜೊತೆ ಕಂಬದ ಫೋಟೋ, ಸ್ಲ್ಯಾಬಿನ ಫೋಟೋ, ಶಾಲೆಯನ್ನು ಎರಡು ಪ್ಲಾಟ್ ಆಚೆಗೆ ಸರಿಸಿ ಅನ್ನುವ ಕೇಳಿಕೆ. ಸಮಿತಿಯವರು ಅವರನ್ನೇ ಮಾತಾಡಿಸಿದರು. ಶಾಲೆಯ ಮೀಸಲು ಸರಿಯಿತು, ನಾಲಾ ನಕ್ಷೆಗೆ ಬಂತು. ಮಾರ್ಕೆಟ್ ರಸ್ತೆಯನ್ನು 13.40 ಮೀಟರ್ ಮಾಡುವುದನ್ನು ಕೈಬಿಡಿ ಅಂತಲೂ ಕೇಳಿದ್ದೆವು, ಅದು ಆಗಲಿಲ್ಲ. ಈ 13.40 ಅನ್ನುವ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ಹುಡುಗರು ಕೇಳುತ್ತಿರುತ್ತಾರೆ. ಹಳೇ ಕಾಲದ 44 ಅಡಿ ಅದು, ಮೀಟರಿನ ವೇಷ ಹಾಕಿಕೊಂಡಿದೆ.

ವ್ಯವಸ್ಥೆಯ ತಪ್ಪೂ ಇಲ್ಲದಿಲ್ಲ. ನೋಟಿಸು ಪೇಪರಿನ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತದೆ. ಸುನಾವಣಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಹೂವಿನವರು ಆ ದಿನದ ವ್ಯಾಪಾರ ಬಿಟ್ಟು ಬಂದಿದ್ದರು. ಜನರ ಮಾತು ಬೇಕು ಅನ್ನುವವರು ಭಾನುವಾರ ಮಾರ್ಕೆಟ್ಟಿನಲ್ಲೇ ಒಂದು ಟೇಬಲ್ ಹಾಕಬಹುದು, ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಇಲ್ಲ. ಗೋವಾದಲ್ಲಿ 2011ರವರೆಗಿನ ಪ್ರಾದೇಶಿಕ ಯೋಜನೆಯನ್ನು ಜನರ ಒತ್ತಡಕ್ಕೆ 2007ರಲ್ಲಿ ಹಿಂದಕ್ಕೆ ಪಡೆದ ಮೇಲೆ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದ್ದ ಕಾರ್ಯಪಡೆ ಹೊಸ ಯೋಜನೆಯ ನಕ್ಷೆಗಳನ್ನು ಹಳ್ಳಿಹಳ್ಳಿಗೆ ಕಳಿಸಿ ಅಭಿಪ್ರಾಯ ಕೇಳಿತ್ತು. ಪುಣೆಯಲ್ಲಿ 2006ರಿಂದ ಪಾಲಿಕೆಯ ಬಜೆಟ್ಟಿಗೆ ನಾಗರಿಕರಿಂದ ಕೆಲಸಗಳ ಪಟ್ಟಿ ತೆಗೆದುಕೊಳ್ಳುತ್ತಾರೆ, ಫುಟ್‌ಪಾತು, ಬೆಂಚು, ಲೈಟು ಇಂಥವು. ಅದೇ ಪುಣೆಯಲ್ಲಿ 2013ರ ಕರಡು ಡಿಪಿಗೆ 80 ಸಾವಿರಕ್ಕೂ ಹೆಚ್ಚು ಆಕ್ಷೇಪಣೆ ಬಂದವು ಅನ್ನುವುದೂ ನಿಜ. ಅಷ್ಟು ಬಂದರೆ ಕೆಲವರು ಜನಜಾಗೃತಿ ಅಂತಾರೆ. ನನಗೆ ಅನಿಸುವುದು, ಮೊದಲೇ ಕೇಳಲಿಲ್ಲ ಅಂತ.

ಇನ್ನೊಂದು ವಿಷಯಕ್ಕೆ ಯಾರೂ ಕಣ್ಣು ಹಾಕುವುದಿಲ್ಲ. ಡಿಪಿ ಮಂಜೂರಾದ ಮೇಲೂ ಅದು ಬದಲಾಗುತ್ತಲೇ ಇರುತ್ತದೆ. ಅದೇ 1966ರ ಕಾಯ್ದೆಯ ಸೆಕ್ಷನ್ 37ರಲ್ಲಿ 'ಸಣ್ಣ' ತಿದ್ದುಪಡಿ ಮಾಡಬಹುದು, ಅದಕ್ಕೆ ಒಂದು ತಿಂಗಳ ನೋಟಿಸು. ಸಣ್ಣದು ಅನ್ನುವುದು ಇಡೀ ಊರಿನ ಲೆಕ್ಕದಲ್ಲಿ. ನಿಮ್ಮ ಗಲ್ಲಿಯ ಏಕೈಕ ಮೈದಾನ ಹೋಗುವುದು ಊರಿಗೆ ಸಣ್ಣದೇ. ನಾನು ತಿಂಗಳಿಗೆ ಎರಡು ಸಲ ಈ ನೋಟಿಸುಗಳನ್ನು ನೋಡುತ್ತೇನೆ. ಸೊಸೈಟಿಯಲ್ಲಿ ರಿಟೈರ್ ಆದವರೊಬ್ಬರಿಗೆ ಈ ಕೆಲಸ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ.

ಆಮೇಲೆ ಸೆಕ್ಷನ್ 127. ಪ್ಲಾನ್ ಜಾರಿಗೆ ಬಂದು ಹತ್ತು ವರ್ಷವಾದರೂ ಮೀಸಲಿಟ್ಟ ಜಾಗವನ್ನು ಪಾಲಿಕೆ ತೆಗೆದುಕೊಳ್ಳದಿದ್ದರೆ ಮಾಲೀಕ ನೋಟಿಸು ಕೊಡಬಹುದು. 24 ತಿಂಗಳೊಳಗೆ ಕ್ರಮ ಆಗದಿದ್ದರೆ ಮೀಸಲು ಬಿದ್ದುಹೋಗುತ್ತದೆ. ಮಾಲೀಕನ ಕಡೆಯಿಂದ ನೋಡಿದರೆ ಅದು ನ್ಯಾಯವೇ, ಎಷ್ಟು ವರ್ಷ ಅಂತ ಅವನ ಜಾಗ ಕಟ್ಟಿಹಾಕುವುದು? ಆದರೆ ಮೈದಾನ ಹೋಗುವುದು ನಮ್ಮ ಮಕ್ಕಳದ್ದು. ಮುಂಬೈಯ ಪ್ಲಾನು 2018ರದ್ದು, 2028ಕ್ಕೆ ಹತ್ತು ತುಂಬುತ್ತದೆ. ಅಷ್ಟರೊಳಗೆ ಯಾವ ಮೈದಾನ ಕೈಗೆ ಬಂದಿದೆ, ಯಾವುದು ಬಂದಿಲ್ಲ ಅಂತ ಪಟ್ಟಿ ಮಾಡಿ ವಾರ್ಡ್ ಆಫೀಸಿಗೂ ಕಾರ್ಪೊರೇಟರಿಗೂ ಕೊಡಬೇಕು ಅಂತ ನಾವು ಏಳೆಂಟು ಜನ ಸುತ್ತುತ್ತಿದ್ದೇವೆ. ಘಾಟ್‌ಕೋಪರ್ ಪೂರ್ವದ ಎರಡು ಶೀಟ್ ಮುಗಿದಿದೆ. ಮುಂದಿನ ಭಾನುವಾರ ಏಳು ಗಂಟೆಗೆ ಸ್ಟೇಶನ್ ಹೊರಗೆ ಸೇರುತ್ತೇವೆ. ಬರುವವರು ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಮೂರನೇ ಪ್ಲಾಟಿಗೆ ನಾಲಾದ ಪಕ್ಕದಲ್ಲೇ ದಾರಿ, ಕೆಸರು ಇನ್ನೂ ಒಣಗಿಲ್ಲ.