ಸೆಮಿನರಿ ಎಂಬ ಸಸಿಮಡಿ

ಪುಣೆಯ ರಿಕ್ಷಾದವರಿಗೆ ‘ಸೆಮಿನರಿಗೆ ಬಿಡಿ’ ಎಂದರೆ ‘ಯಾವುದು, ನಗರ ರಸ್ತೆಯದೋ ಬಿಬವೇವಾಡಿಯದೋ’ ಎನ್ನುತ್ತಾರೆ. ಸೆಮಿನರಿ ಎಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು. ನಗರ ರಸ್ತೆಯದು ಕ್ಯಾಥೊಲಿಕರ ಪೇಪಲ್ ಸೆಮಿನರಿ, 1955ರಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಎದ್ದು ಬಂದದ್ದು. ಬಿಬವೇವಾಡಿಯದು ಪ್ರಾಟೆಸ್ಟೆಂಟರ ಯೂನಿಯನ್ ಬಿಬ್ಲಿಕಲ್ ಸೆಮಿನರಿ, 1983ರಲ್ಲಿ ಯವತ್ಮಾಳದಿಂದ ಬಂದದ್ದು. ಮೊನ್ನೆ ನಮ್ಮ ಕನ್ನಡ ಸಭೆಯಲ್ಲಿ ಆರಾಧನೆ ಮುಗಿದು ಚಹಾ ಕುಡಿಯುವಾಗ ಹಿರಿಯರೊಬ್ಬರು ಕೇಳಿದರು: ‘ನಮ್ಮ ಹುಡುಗನೊಬ್ಬನನ್ನು ಸೆಮಿನರಿಗೆ ಕಳುಹಿಸುತ್ತಾರಂತೆ. ಸಂತೋಷ. ದುಡ್ಡು ಯಾರದು?’

ಈ ಪ್ರಶ್ನೆ ಪದದಷ್ಟೇ ಹಳೆಯದು. ಲ್ಯಾಟಿನ್ನಿನ ‘ಸೆಮಿನಾರಿಯಂ’ ಎಂದರೆ ಬೀಜ ಚೆಲ್ಲಿ ಸಸಿ ಎಬ್ಬಿಸುವ ಜಾಗ, ನಮ್ಮ ಸಸಿಮಡಿ. 1563ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆ, ಪ್ರತಿ ಬಿಷಪ್ಪರೂ ಪಾದ್ರಿಗಳನ್ನು ತಯಾರು ಮಾಡಲು ಇಂಥದೊಂದು ಮಡಿ ಇಟ್ಟುಕೊಳ್ಳಬೇಕೆಂದು ವಿಧಿಸಿತು. ಕ್ಯಾಥೊಲಿಕ್ ಬಳಕೆಯಲ್ಲಿ ಪದ ಗಟ್ಟಿಯಾದದ್ದು ಅಲ್ಲಿಂದ. ಅದೇ ಆಜ್ಞೆಯಲ್ಲಿ ಖರ್ಚಿನ ಬಾಬತ್ತೂ ಇದೆ: ಬಿಷಪ್ಪರು ತಮ್ಮ ಪ್ರಾಂತದ ಚರ್ಚುಗಳ ಆದಾಯದಿಂದ ಒಂದು ಪಾಲು ಎತ್ತಬಹುದು. ಪದವೂ ತೆರಿಗೆಯೂ ಒಂದೇ ಕಾಗದದಲ್ಲಿ ಗಟ್ಟಿಯಾದವು.

ಕನ್ನಡದಲ್ಲಿ ಕ್ಯಾಥೊಲಿಕರು ‘ಗುರುಮಠ’ ಎನ್ನುತ್ತಾರೆ, ಸೊಗಸಾದ ಪದ. ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಪರಂಪರೆಯವರು ಹೆಚ್ಚಾಗಿ ‘ಥಿಯೊಲಾಜಿಕಲ್ ಕಾಲೇಜು’ ಎಂದು ಇಂಗ್ಲಿಷನ್ನೇ ಹಿಡಿದಿದ್ದಾರೆ. ಸಸಿಮಡಿ ಎಂದು ಯಾರೂ ಕರೆಯಲಿಲ್ಲ. ಕರೆದಿದ್ದರೆ ಹಣದ ವಿಷಯ ರೈತನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮಡಿಗೆ ಒಳ್ಳೆಯ ಮಣ್ಣು, ಹೆಚ್ಚು ಗೊಬ್ಬರ, ಹತ್ತಿರದ ನೀರು ಎಲ್ಲವೂ ಬೇಕು. ಆದರೆ ಮಡಿಯಲ್ಲಿ ಯಾರೂ ಕೊಯ್ಲು ಮಾಡುವುದಿಲ್ಲ. ಸಸಿ ಕಿತ್ತು ನೆಟ್ಟ ಗದ್ದೆಯೇ ಅದರ ಖರ್ಚನ್ನು ಹೊರಬೇಕು.

ಈ ದೇಶದ ಆಂಗ್ಲಿಕನ್ ಕಾಲೇಜುಗಳಲ್ಲಿ ಹೆಸರುವಾಸಿಯಾದದ್ದು ಕಲ್ಕತ್ತೆಯ ಬಿಷಪ್ಸ್ ಕಾಲೇಜು. (ಪುಣೆಯಲ್ಲಿ ‘ಬಿಷಪ್ಸ್’ ಎಂದರೆ ಕ್ಯಾಂಪಿನ ಶಾಲೆ, ಗೊಂದಲ ಬೇಡ.) ಅದನ್ನು ಕಟ್ಟಿಸಿದವರು ಕಲ್ಕತ್ತೆಯ ಮೊದಲ ಬಿಷಪ್ ಮಿಡಲ್ಟನ್. ಆಗ ಮುಂಬೈ ಕೂಡ ಅವರ ವ್ಯಾಪ್ತಿಗೇ ಸೇರಿತ್ತು, ಇಲ್ಲಿಗೆ ಸ್ವಂತ ಬಿಷಪ್ ಬಂದದ್ದು 1837ರಲ್ಲಿ. 1820ರಲ್ಲಿ ಹೂಗ್ಲಿ ದಂಡೆಯ ಶಿಬಪುರದಲ್ಲಿ ಅಡಿಗಲ್ಲು ಬಿತ್ತು. ಜಾಗ ಸರ್ಕಾರದ್ದು, ಹಣ ಇಂಗ್ಲೆಂಡಿನ ಮಿಷನ್ ಸಂಘಗಳದ್ದು. ಕಟ್ಟಡ ಭವ್ಯ, ವಿದ್ಯಾರ್ಥಿಗಳು ಬೆರಳೆಣಿಕೆ. ಮಿಡಲ್ಟನ್ 1822ರಲ್ಲೇ ತೀರಿಕೊಂಡರು. ಬಂಗಾಳಿ ಕವಿ ಮೈಕೇಲ್ ಮಧುಸೂದನ ದತ್ತರು ಅಲ್ಲಿ ಓದುತ್ತಿದ್ದಾಗ ತಂದೆ ಹಣ ಕಳುಹಿಸುವುದನ್ನು ನಿಲ್ಲಿಸಿದರು, ಕವಿ ಮದರಾಸಿನ ದಾರಿ ಹಿಡಿದರು. 1880ರಲ್ಲಿ ಆ ಆವರಣ ಎಂಜಿನಿಯರಿಂಗ್ ಕಾಲೇಜಿನ ಪಾಲಾಯಿತು, ಬಿಷಪ್ಸ್ ಕಾಲೇಜು ನಗರದೊಳಗೆ ಸರಿಯಿತು. ಕಟ್ಟಲು ಕೊಡುವ ಕೈಗಳು ಬಹಳ, ವರ್ಷವರ್ಷ ಅಡುಗೆಮನೆ ನಡೆಸಲು ಕೊಡುವ ಕೈಗಳು ಕಡಿಮೆ. ಯಾವ ಮಠದ ಕಾರ್ಯದರ್ಶಿಯನ್ನು ಕೇಳಿದರೂ ಇದನ್ನೇ ಹೇಳಿಯಾರು.

ಇಂಗ್ಲೆಂಡಿನಲ್ಲಿ ಸ್ಥಿತಿ ಸುಖವಾಗಿದೆ ಎಂದುಕೊಳ್ಳಬೇಡಿ. ಅಲ್ಲಿ ಗುರುದೀಕ್ಷೆಗೆ, ಎಂದರೆ ಪಾದ್ರಿಯಾಗಲು, ಆಯ್ಕೆಯಾದವರ ಶುಲ್ಕವನ್ನು ಚರ್ಚೇ ಭರಿಸುತ್ತದೆ. ಹಾಗಾಗಿ ಅಭ್ಯರ್ಥಿಗಳು ಕಡಿಮೆಯಾದ ವರ್ಷ ಕಾಲೇಜಿನ ಆದಾಯವೂ ಇಳಿಯುತ್ತದೆ, ಸೂರಿನ ದುರಸ್ತಿ ಖರ್ಚು ಮಾತ್ರ ಇಳಿಯುವುದಿಲ್ಲ. ಲಿಂಕನ್ನಿನ ಕಾಲೇಜು 1995ರಲ್ಲಿ ಬಾಗಿಲು ಹಾಕಿತು. ನಾಟಿಂಗ್‌ಹ್ಯಾಮಿನ ಸೇಂಟ್ ಜಾನ್ಸ್ 2019ರಲ್ಲಿ ಮುಚ್ಚುವ ನಿರ್ಧಾರ ಪ್ರಕಟಿಸಿತು.

ನಮ್ಮಲ್ಲಿ ಆಂಗ್ಲಿಕನ್ ಸಭೆಗಳು ದಕ್ಷಿಣದಲ್ಲಿ 1947ರಲ್ಲಿ, ಮುಂಬೈ ಸೇರಿದಂತೆ ಉತ್ತರದಲ್ಲಿ 1970ರಲ್ಲಿ ಬೇರೆ ಪ್ರಾಟೆಸ್ಟೆಂಟ್ ಸಭೆಗಳೊಂದಿಗೆ ಕೂಡಿಕೊಂಡವು. ಈಗಿನ ಕಾಲೇಜುಗಳ ಜಮಾ ಕಡೆಯಲ್ಲಿ ಕಾಣುವುದು ವಿದ್ಯಾರ್ಥಿ ಶುಲ್ಕ, ಸಭಾಪ್ರಾಂತಗಳ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಸಭೆಗಳ ಗುಂಪು) ವಂತಿಗೆ, ಭಾನುವಾರದ ವಿಶೇಷ ಕಾಣಿಕೆ, ದತ್ತಿಯ ಬಡ್ಡಿ, ವಿದೇಶಿ ನೆರವು. ದತ್ತಿ ಎಂದರೆ ಅಸಲು ಮುಟ್ಟುವಂತಿಲ್ಲ, ಬ್ಯಾಂಕಿನ ಬಡ್ಡಿ ದರ ಕುಸಿದರೆ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬರುವುದು ನಿಲ್ಲುತ್ತದೆ. ವಿದೇಶಿ ಹಣದ ಕಾನೂನು 2020ರಲ್ಲಿ ಬಿಗಿಯಾಯಿತು: ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದರಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇ. 50ರಿಂದ 20ಕ್ಕೆ ಇಳಿಯಿತು.

ಶುಲ್ಕದ ವಿಷಯಕ್ಕೆ ಬಂದರೆ ಒಂದು ಪದವನ್ನು ಸರಿಯಾಗಿ ತಿಳಿದಿರಬೇಕು: ‘ಪ್ರಾಯೋಜಿತ ಅಭ್ಯರ್ಥಿ’. ಸಭಾಪ್ರಾಂತವೇ ಆರಿಸಿ, ಖರ್ಚು ಹೊತ್ತು ಕಳುಹಿಸಿದವನು ಇವನು. ಓದು ಮುಗಿಸಿ ಅದೇ ಪ್ರಾಂತದ ಸೇವೆಗೆ ಮರಳಬೇಕು. ಸ್ವಂತ ಹಣದಿಂದ ಓದುವವರೂ ಇದ್ದಾರೆ, ಅದೇ ತರಗತಿ, ಅದೇ ಪರೀಕ್ಷೆ. ಆದರೆ ದೇವಶಾಸ್ತ್ರದ ಬಿ.ಡಿ. ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್, ಗುರುದೀಕ್ಷೆ ಕೊಡುವುದು ಬಿಷಪ್ಪರು. ಪದವಿಯಿದ್ದ ಮಾತ್ರಕ್ಕೆ ದೀಕ್ಷೆ ಕೇಳುವ ಹಕ್ಕಿಲ್ಲ.

ಇಷ್ಟನ್ನೂ ಆ ಹಿರಿಯರಿಗೆ ಹೇಳಿದೆ. ‘ಹಾಗಾದರೆ ಹುಡುಗನ ಹತ್ತಿರ ಪ್ರಾಂತದ ಪತ್ರ ಇದೆಯೋ ಇಲ್ಲವೋ, ಅದನ್ನು ಮೊದಲು ನೋಡಬೇಕು’ ಎಂದು ಅವನ ತಂದೆಯನ್ನು ಹುಡುಕಿಕೊಂಡು ಹೋದರು.